ಆಫ್‌ಸೆಟ್ ಬೇರೆ, ಕಾಲವಲಯ ಬೇರೆ: ಪ್ರೋಗ್ರಾಮ್‌ಗಳಲ್ಲಿ ಸಮಯ ಪರಿವರ್ತನೆ

ಭಟ್ಕಳದಲ್ಲಿ ಕುಳಿತು ದುಬೈಯಲ್ಲಿರುವ ಮಗನಿಗೆ ಫೋನ್ ಮಾಡುವ ಮೊದಲು ಮನೆಯವರು ಗಡಿಯಾರ ನೋಡಿ ಒಂದೂವರೆ ಗಂಟೆ ಕಳೆಯುತ್ತಾರೆ. ಮಗ ಕುವೈತ್‌ನಲ್ಲಿದ್ದರೆ ಎರಡೂವರೆ ಗಂಟೆ ಕಳೆಯುತ್ತಾರೆ. ಯುಟಿಸಿ ಎಂಬ ಜಾಗತಿಕ ಆಧಾರ ಸಮಯಕ್ಕಿಂತ ಭಾರತದ ಗಡಿಯಾರ 5 ಗಂಟೆ 30 ನಿಮಿಷ ಮುಂದಿದೆ, ದುಬೈಯದು 4 ಗಂಟೆ, ಕುವೈತ್‌ನದು 3 ಗಂಟೆ. ಈ ಮೂರೂ ಕಡೆ ವರ್ಷದ ಯಾವ ದಿನವೂ ಗಡಿಯಾರವನ್ನು ಹಿಂದೆ ಮುಂದೆ ಮಾಡುವುದಿಲ್ಲವಾದ್ದರಿಂದ ಈ ಲೆಕ್ಕ ಜನವರಿಗೂ ಸರಿ, ಜುಲೈಗೂ ಸರಿ. ಶಿರಸಿಯ ಆಸುಪಾಸಿನ ಹಳ್ಳಿಯಲ್ಲಿ ಮನೆಯಿಂದಲೇ ನ್ಯೂಯಾರ್ಕ್‌ನ ತಂಡಕ್ಕೆ ಕೆಲಸ ಮಾಡುವ ಪ್ರೋಗ್ರಾಮರ್‌ಗೆ ಮಾತ್ರ ಇಂಥ ಸ್ಥಿರವಾದ ಲೆಕ್ಕ ಸಿಗುವುದಿಲ್ಲ. ಅಲ್ಲಿ ಬೇಸಿಗೆ ಸಮಯಕ್ಕಾಗಿ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ, ಆಮೇಲೆ ಮತ್ತೆ ಹಿಂದಕ್ಕೆ ಸರಿಸುವುದರಿಂದ ಅವರ ಸಂಜೆಯ ಸಭೆ ಮಾರ್ಚ್ ತಿಂಗಳಲ್ಲಿ ಒಂದು ಗಂಟೆ ಬೇಗ ಬರುತ್ತದೆ, ನವೆಂಬರ್‌ನಲ್ಲಿ ಮತ್ತೆ ಒಂದು ಗಂಟೆ ತಡವಾಗುತ್ತದೆ.

ನಮ್ಮ ದೇಶದ ಸಮಯ ವರ್ಷವಿಡೀ ಒಂದೇ ಆಗಿರುವುದು ದಿನನಿತ್ಯದ ಬದುಕಿಗೆ ದೊಡ್ಡ ಅನುಕೂಲ. ಆದರೆ ಪ್ರೋಗ್ರಾಮ್ ಬರೆಯಲು ಕಲಿಯುವವರಿಗೆ ಅದರಿಂದ ಒಂದು ತೊಡಕೂ ಇದೆ: ‘ಐದೂವರೆ ಗಂಟೆ ಕೂಡಿಸು’ ಎಂದು ನೇರವಾಗಿ ಬರೆದ ಕೋಡ್ ಇಂದಿನ ಭಾರತದೊಳಗೆ ತಪ್ಪುವುದೇ ಇಲ್ಲವಾದ್ದರಿಂದ, ಆಫ್‌ಸೆಟ್ ಎಂದರೂ ಕಾಲವಲಯ ಎಂದರೂ ಒಂದೇ ಎಂಬ ನಂಬಿಕೆ ಮನಸ್ಸಿನಲ್ಲಿ ಗಟ್ಟಿಯಾಗುತ್ತದೆ. ಸಮಯ ಪರಿವರ್ತನೆಯಲ್ಲಿ ನಾನು ಕಂಡ ದೋಷಗಳಲ್ಲಿ ಬಹುಪಾಲು ಈ ನಂಬಿಕೆಯಿಂದ ಹುಟ್ಟಿದವು. ಆಫ್‌ಸೆಟ್ ಎಂಬುದು ಒಂದು ನಿರ್ದಿಷ್ಟ ಕ್ಷಣದಲ್ಲಿ ಒಂದು ಊರಿನ ಗಡಿಯಾರ ಯುಟಿಸಿಗಿಂತ ಎಷ್ಟು ಮುಂದಿದೆ ಅಥವಾ ಹಿಂದಿದೆ ಎಂದು ಹೇಳುವ ಸಂಖ್ಯೆ. ಕಾಲವಲಯ ಎಂಬುದು ಆ ಸಂಖ್ಯೆ ಹಿಂದೆ ಯಾವಾಗ ಎಷ್ಟಿತ್ತು, ಇಂದು ಎಷ್ಟಿದೆ, ಮುಂದೆ ಯಾವಾಗ ಬದಲಾಗಲಿದೆ ಎಂಬ ನಿಯಮಗಳ ಇಡೀ ಪಟ್ಟಿ. ಕಾಲವಲಯವೂ ಕ್ಷಣವೂ ಗೊತ್ತಿದ್ದರೆ ಆಫ್‌ಸೆಟ್ ಸಿಗುತ್ತದೆ. ಆಫ್‌ಸೆಟ್ ಒಂದೇ ಗೊತ್ತಿದ್ದರೆ ಕಾಲವಲಯ ಸಿಗುವುದಿಲ್ಲ. ಇಂದು +05:30 ಎಂಬುದು ಭಾರತದ ಆಫ್‌ಸೆಟ್ ಹೌದು, ಶ್ರೀಲಂಕಾದ ಆಫ್‌ಸೆಟ್ ಕೂಡ ಹೌದು. ಆದರೆ ಶ್ರೀಲಂಕಾ 1996ರಿಂದ 2006ರವರೆಗೆ ಬೇರೆ ಆಫ್‌ಸೆಟ್‌ಗಳನ್ನು ಬಳಸಿತ್ತು.

ಆಫ್‌ಸೆಟ್ ಭೂಗೋಳದಿಂದ ತಾನಾಗಿ ಬರುತ್ತದೆ ಎಂದು ಭಾವಿಸುವವರಿದ್ದಾರೆ. ಕಾರವಾರದ ಲೆಕ್ಕವನ್ನೇ ನೋಡೋಣ. ಊರು ಇರುವುದು ಸುಮಾರು 74.1 ಡಿಗ್ರಿ ಪೂರ್ವ ರೇಖಾಂಶದಲ್ಲಿ. ಭೂಮಿ ಗಂಟೆಗೆ 15 ಡಿಗ್ರಿ ತಿರುಗುವುದರಿಂದ, ಸೂರ್ಯನನ್ನೇ ನಂಬಿ ಲೆಕ್ಕ ಹಾಕಿದರೆ ಕಾರವಾರದ ಸಮಯ ಗ್ರೀನಿಚ್‌ಗಿಂತ ಸುಮಾರು 4 ಗಂಟೆ 56 ನಿಮಿಷ ಮುಂದಿರಬೇಕು. ಆದರೆ ಭಾರತದ ಪ್ರಮಾಣಿತ ಸಮಯಕ್ಕೆ ಆಧಾರ ಉತ್ತರ ಪ್ರದೇಶದ ಮಿರ್ಜಾಪುರದ ಬಳಿ ಹಾಯುವ 82.5 ಡಿಗ್ರಿ ರೇಖಾಂಶ. ಹೀಗಾಗಿ ಕಾರವಾರದ ಗಡಿಯಾರ ಅಲ್ಲಿನ ಸೂರ್ಯನಿಗಿಂತ ಸರಾಸರಿ 34 ನಿಮಿಷ ಮುಂದೆ ಓಡುತ್ತದೆ. ಒಂದು ಊರಿನ ರೇಖಾಂಶದಿಂದ ಅದರ ಆಫ್‌ಸೆಟ್ ಊಹಿಸುವ ಕೋಡ್ ಆದ್ದರಿಂದ ಕೆಲಸಕ್ಕೆ ಬಾರದು. ಆಫ್‌ಸೆಟ್ ಸರ್ಕಾರದ ತೀರ್ಮಾನ. ತೀರ್ಮಾನ ಬದಲಾದರೆ ಆಫ್‌ಸೆಟ್ ಕೂಡ ಬದಲಾಗುತ್ತದೆ.

ಭಾರತದಲ್ಲಿಯೂ ಅದು ಬದಲಾಗಿತ್ತು. 1906ರ ಜನವರಿ 1ರಿಂದ +05:30 ಅಧಿಕೃತವಾಗಿ ಜಾರಿಗೆ ಬಂದಿತಾದರೂ, ಎರಡನೆಯ ಮಹಾಯುದ್ಧದ ಕಾಲದಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ಹಾಕಲಾಗಿತ್ತು. 1942ರ ಸೆಪ್ಟೆಂಬರ್‌ನಿಂದ 1945ರ ಅಕ್ಟೋಬರ್ 15ರವರೆಗೆ ದೇಶದ ಆಫ್‌ಸೆಟ್ +06:30 ಆಗಿತ್ತು. ಜಾತಕ ಬರೆಯುವ ಸಾಫ್ಟ್‌ವೇರ್‌ಗಳು ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಸಾಕಷ್ಟು ಬಳಕೆಯಲ್ಲಿವೆ. 1943ರಲ್ಲಿ ಬೆಳಿಗ್ಗೆ 10 ಗಂಟೆಗೆ ಜನಿಸಿದವರ ಜನ್ಮಸಮಯವನ್ನು +05:30 ಹಿಡಿದು ಯುಟಿಸಿಗೆ ಬದಲಾಯಿಸಿದರೆ 04:30 ಬರುತ್ತದೆ, +06:30 ಹಿಡಿದರೆ 03:30 ಬರುತ್ತದೆ. ಒಂದು ಲಗ್ನದ ಅವಧಿ ಸುಮಾರು ಎರಡು ಗಂಟೆ ಇರುವುದರಿಂದ ಈ ಒಂದು ಗಂಟೆಯ ವ್ಯತ್ಯಾಸದಲ್ಲಿ ಲಗ್ನವೇ ಬದಲಾಗಬಹುದು. ಹಳೆಯ ದಾಖಲೆಗಳ ವಿಷಯದಲ್ಲಿ ಇನ್ನೂ ಒಂದು ಎಚ್ಚರ ಬೇಕು. ಆಗ ಉತ್ತರ ಕನ್ನಡ ಮುಂಬಯಿ ಪ್ರಾಂತಕ್ಕೆ ಸೇರಿತ್ತು, ಮತ್ತು ಮುಂಬಯಿ ನಗರದಲ್ಲಿ +04:51ರ ಮುಂಬಯಿ ಸಮಯ 1955ರವರೆಗೂ ಬಳಕೆಯಲ್ಲಿ ಉಳಿದಿತ್ತು. ಬರೆದಿಟ್ಟ ಗಂಟೆ ಯಾವ ಗಡಿಯಾರದ್ದು ಎಂಬುದನ್ನು ಕಾಗದ ನೋಡಿಯೇ ತೀರ್ಮಾನಿಸಬೇಕಾಗುತ್ತದೆ. ಅದನ್ನು ಕಂಪ್ಯೂಟರ್ ಹೇಳಲಾರದು.

ಈ ಎಲ್ಲ ನಿಯಮಗಳನ್ನು ಒಂದೆಡೆ ಸಂಗ್ರಹಿಸಿಟ್ಟಿರುವುದು ಅಂತರ್ಜಾಲದ ಹೆಸರು, ಸಂಖ್ಯೆಗಳನ್ನು ನೋಡಿಕೊಳ್ಳುವ ಐಎಎನ್‌ಎ ಸಂಸ್ಥೆಯ ಕಾಲವಲಯ ಡೇಟಾಬೇಸ್. ಆರ್ಥರ್ ಡೇವಿಡ್ ಓಲ್ಸನ್ 1980ರ ದಶಕದಲ್ಲಿ ಆರಂಭಿಸಿದ ಈ ಸಂಗ್ರಹವನ್ನು ಈಗ ಪಾಲ್ ಎಗರ್ಟ್ ನೋಡಿಕೊಳ್ಳುತ್ತಿದ್ದಾರೆ. ನಮ್ಮ ಫೋನ್‌ಗಳಲ್ಲಿ, ಸರ್ವರ್‌ಗಳಲ್ಲಿ, ಹೆಚ್ಚಿನ ಪ್ರೋಗ್ರಾಮಿಂಗ್ ಭಾಷೆಗಳಲ್ಲಿ ಇರುವುದು ಇದರದೇ ಪ್ರತಿ. ಇದರಲ್ಲಿ ಭಾರತದ ವಲಯದ ಹೆಸರು ‘ಏಷ್ಯಾ/ಕೋಲ್ಕತಾ’, ನ್ಯೂಯಾರ್ಕ್‌ನದು ‘ಅಮೆರಿಕಾ/ನ್ಯೂಯಾರ್ಕ್’. ಕಾರವಾರದ ಬಳಕೆದಾರರ ಆಯ್ಕೆಯಲ್ಲಿ ಕೋಲ್ಕತಾ ಎಂದು ಕಾಣಿಸಿದರೆ ಗಾಬರಿಯಾಗಬೇಕಾಗಿಲ್ಲ. ಐಎಸ್‌ಟಿ ಎಂಬ ಮೂರಕ್ಷರದ ಸಂಕ್ಷೇಪವನ್ನು ಮಾತ್ರ ಕೋಡ್‌ನಲ್ಲಿ ಎಂದಿಗೂ ಬಳಸಬಾರದು, ಏಕೆಂದರೆ ಭಾರತ, ಐರ್ಲೆಂಡ್ ಮತ್ತು ಇಸ್ರೇಲ್ ಮೂರೂ ದೇಶಗಳ ಸಮಯಕ್ಕೆ ಇದೇ ಸಂಕ್ಷೇಪ ನಡೆಯುತ್ತದೆ.

ಪರಿವರ್ತನೆಯ ಗಣಿತ ಸರಳವಾಗಿದೆ. ಸ್ಥಳೀಯ ಸಮಯದಿಂದ ಆಫ್‌ಸೆಟ್ ಕಳೆದರೆ ಯುಟಿಸಿ ಸಿಗುತ್ತದೆ. ಯುಟಿಸಿಗೆ ಇನ್ನೊಂದು ಊರಿನ ಆಫ್‌ಸೆಟ್ ಕೂಡಿಸಿದರೆ ಆ ಊರಿನ ಸಮಯ ಸಿಗುತ್ತದೆ. ನ್ಯೂಯಾರ್ಕ್‌ನಲ್ಲಿ ದಿನವೂ ಬೆಳಿಗ್ಗೆ 9 ಗಂಟೆಗೆ ಒಂದು ಸಭೆ ಇದೆ ಎಂದುಕೊಳ್ಳೋಣ. 2025ರ ಮಾರ್ಚ್ 7, ಶುಕ್ರವಾರ, ಅಲ್ಲಿನ ಆಫ್‌ಸೆಟ್ -05:00. ಒಂಬತ್ತರಿಂದ ಋಣ ಐದನ್ನು ಕಳೆದರೆ 14:00 ಯುಟಿಸಿ; ಅದಕ್ಕೆ ಐದೂವರೆ ಕೂಡಿಸಿದರೆ ಶಿರಸಿಯಲ್ಲಿ ಸಂಜೆ 7:30. ಮಾರ್ಚ್ 9ರ ಭಾನುವಾರ ಅಮೆರಿಕದಲ್ಲಿ ಗಡಿಯಾರ ಒಂದು ಗಂಟೆ ಮುಂದಕ್ಕೆ ಹೋಯಿತು. ಮಾರ್ಚ್ 10, ಸೋಮವಾರ, ಆಫ್‌ಸೆಟ್ -04:00. ಅದೇ ಸಭೆ 13:00 ಯುಟಿಸಿಗೆ, ಅಂದರೆ ಶಿರಸಿಯ ಸಂಜೆ 6:30ಕ್ಕೆ. ಅದೇ ಸಭೆಯಲ್ಲಿ ಲಂಡನ್‌ನವರೂ ಇದ್ದರೆ ಅವರಿಗೂ ಮೂರು ವಾರ ಸಮಯ ಬದಲಾಗಿರುತ್ತದೆ, ಏಕೆಂದರೆ ಯುರೋಪಿನಲ್ಲಿ ಗಡಿಯಾರ ಮುಂದಕ್ಕೆ ಹೋಗುವುದು ಮಾರ್ಚ್‌ನ ಕೊನೆಯ ಭಾನುವಾರ, ಆ ವರ್ಷ ಮಾರ್ಚ್ 30ರಂದು. ಇಲ್ಲಿ ಗಮನಿಸಬೇಕಾದದ್ದು ಒಂದೇ: ಬಳಸಬೇಕಾದ ಆಫ್‌ಸೆಟ್ ಸಭೆ ನಡೆಯುವ ದಿನದ್ದು. ಕೋಡ್ ಓಡುತ್ತಿರುವ ಇಂದಿನ ಆಫ್‌ಸೆಟ್ ಕೇಳಿ ತೆಗೆದುಕೊಂಡು ಮುಂದಿನ ತಿಂಗಳ ಸಭೆಗೆ ಕೂಡಿಸುವ ತಪ್ಪು ತೀರಾ ಸಾಮಾನ್ಯ, ಮತ್ತು ವರ್ಷದ ಹೆಚ್ಚಿನ ದಿನ ಅದು ಸರಿಯಾದ ಉತ್ತರವನ್ನೇ ಕೊಡುವುದರಿಂದ ಬೇಗ ಪತ್ತೆಯಾಗುವುದೂ ಇಲ್ಲ.

ಕೂಡಿಸುವುದು, ಕಳೆಯುವುದು ಎಂಬ ಚಿಹ್ನೆಯಲ್ಲಿಯೇ ಎಡವುವವರು ಬಹಳ. ಇದಕ್ಕೆ ಪ್ರೋಗ್ರಾಮರ್‌ಗಳ ಅಜಾಗರೂಕತೆಯಷ್ಟೇ ಕಾರಣವಲ್ಲ. ಜಾವಾಸ್ಕ್ರಿಪ್ಟ್‌ನಲ್ಲಿ ‘ಗೆಟ್‌ಟೈಮ್‌ಝೋನ್‌ಆಫ್‌ಸೆಟ್’ ಎಂದು ಕೇಳಿದರೆ ಭಾರತದಲ್ಲಿ ಬರುವ ಉತ್ತರ -330. ಏಕೆಂದರೆ ಸ್ಥಳೀಯ ಸಮಯಕ್ಕೆ ಎಷ್ಟು ನಿಮಿಷ ಕೂಡಿಸಿದರೆ ಯುಟಿಸಿ ಸಿಗುತ್ತದೆ ಎಂಬುದನ್ನು ಅದು ಹೇಳುತ್ತದೆ. ಯುನಿಕ್ಸ್ ಬಗೆಯ ಕಂಪ್ಯೂಟರ್‌ಗಳಲ್ಲಿ ವಲಯವನ್ನು ಪೋಸಿಕ್ಸ್ ಎಂಬ ಮಾನದಂಡದ ಶೈಲಿಯಲ್ಲಿ ಕೈಯಿಂದ ಬರೆಯುವಾಗಲೂ ಪೂರ್ವ ದಿಕ್ಕು ಋಣವಾಗುತ್ತದೆ, ಭಾರತಕ್ಕೆ ‘-5:30’ ಎಂದೇ ಬರೆಯಬೇಕಾಗುತ್ತದೆ. ದಿನಾಂಕ, ಸಮಯ ಬರೆಯುವ ಅಂತರರಾಷ್ಟ್ರೀಯ ಮಾನದಂಡವಾದ ಐಎಸ್‌ಒ 8601 ಶೈಲಿಯ ಬರಹದಲ್ಲಿ ಮಾತ್ರ ಅದು +05:30. ಇನ್ನೊಂದು ಸೂಕ್ಷ್ಮ ದೋಷ ವೆಬ್ ವಿಳಾಸದೊಳಗೆ ಸಮಯ ಕಳುಹಿಸುವಾಗ ಕಾಣಿಸುತ್ತದೆ: ಅಲ್ಲಿ ಕೂಡುವ ಚಿಹ್ನೆಯನ್ನು ಸರ್ವರ್ ಖಾಲಿ ಜಾಗ ಎಂದು ಓದಿಕೊಳ್ಳುವುದರಿಂದ, +05:30 ಎಂದು ಹೊರಟದ್ದು ಚಿಹ್ನೆಯಿಲ್ಲದ 05:30 ಆಗಿ ತಲುಪುತ್ತದೆ. ಅಮೆರಿಕದ ಋಣ ಆಫ್‌ಸೆಟ್‌ಗಳಿಗೆ ಈ ತೊಂದರೆ ಇಲ್ಲವಾದ್ದರಿಂದ ಅಲ್ಲಿ ಪರೀಕ್ಷಿಸಿದ ಸೇವೆ ಇಲ್ಲಿ ಮುರಿದು ಬೀಳುವುದುಂಟು.

ಆಫ್‌ಸೆಟ್ ಬಿಟ್ಟುಹೋದರೆ ಏನಾಗಬಹುದು ಎಂಬುದಕ್ಕೆ ಕರಾವಳಿಯ ಉಬ್ಬರ ಇಳಿತದಷ್ಟು ಒಳ್ಳೆಯ ನಿದರ್ಶನ ನನಗೆ ಬೇರೆ ತೋರುವುದಿಲ್ಲ. ನಮ್ಮ ತೀರದಲ್ಲಿ ದಿನಕ್ಕೆ ಎರಡು ಬಾರಿ ಉಬ್ಬರ, ಎರಡು ಬಾರಿ ಇಳಿತ. ಒಂದು ಉಬ್ಬರಕ್ಕೂ ಮುಂದಿನ ಉಬ್ಬರಕ್ಕೂ ನಡುವೆ ಸರಿಸುಮಾರು 12 ಗಂಟೆ 25 ನಿಮಿಷ, ಅಂದರೆ ಉಬ್ಬರದಿಂದ ಇಳಿತಕ್ಕೆ ಆರು ಗಂಟೆಯ ಮೇಲೆ ಸ್ವಲ್ಪ. ಒಂದು ಅಪ್ಲಿಕೇಶನ್ ವಿದೇಶಿ ಸೇವೆಯೊಂದರಿಂದ ಮಾಹಿತಿ ತರಿಸಿಕೊಳ್ಳುತ್ತದೆ, ಅದರಲ್ಲಿ ಉಬ್ಬರದ ಸಮಯ 04:40 ಯುಟಿಸಿ ಎಂದಿದೆ ಎಂದು ಊಹಿಸೋಣ. ನಿಜವಾದ ಉಬ್ಬರ ನಮ್ಮ ಗಡಿಯಾರದಲ್ಲಿ ಬೆಳಿಗ್ಗೆ 10:10ಕ್ಕೆ. ಕೋಡ್‌ನಲ್ಲಿ ಯುಟಿಸಿ ಎಂಬ ಗುರುತು ಕಳೆದುಹೋಗಿ ಪರದೆಯ ಮೇಲೆ ಬರೀ 4:40 ಎಂದು ಕಾಣಿಸಿದರೆ, ನೋಡಿದವರು ನಸುಕಿನಲ್ಲೇ ನೀರು ತುಂಬಿರುತ್ತದೆ ಎಂದುಕೊಳ್ಳುತ್ತಾರೆ. ಆದರೆ ಆ ಹೊತ್ತಿಗೆ ನೀರು ಇಳಿತದ ಸಮೀಪದಲ್ಲಿರುತ್ತದೆ. ಐದೂವರೆ ಗಂಟೆಯ ತಪ್ಪು ಉಬ್ಬರವನ್ನು ಹೆಚ್ಚುಕಡಿಮೆ ಇಳಿತವನ್ನಾಗಿಸುತ್ತದೆ. ಹೊನ್ನಾವರದಲ್ಲಿ ಶರಾವತಿ ಸಮುದ್ರ ಸೇರುವ ಅಳಿವೆಯಂಥ, ಹೂಳು ಮತ್ತು ಮರಳಿನ ದಿಬ್ಬ ಇರುವ ಜಾಗದಲ್ಲಿ ದೋಣಿ ಒಳಗೆ ತರುವವರಿಗೆ ಇದು ಜೀವದ ಪ್ರಶ್ನೆ. ಸಮಯವನ್ನು ದಾಖಲಿಸುವಾಗ, ಕಳುಹಿಸುವಾಗ, ತೋರಿಸುವಾಗ ಆಫ್‌ಸೆಟ್ ಜೊತೆಯಲ್ಲೇ ಇರಬೇಕು ಎಂದು ಒತ್ತಾಯಿಸುವುದಕ್ಕೆ ಇದಕ್ಕಿಂತ ಬೇರೆ ಕಾರಣ ಬೇಕಿಲ್ಲ.

ಗಂಟೆಯ ತಪ್ಪಿಗಿಂತ ದಿನಾಂಕದ ತಪ್ಪು ಇನ್ನೂ ಮೋಸಗಾರ. ಭಾರತದಲ್ಲಿ 2025ರ ಆಗಸ್ಟ್ 15ರ ಮಧ್ಯರಾತ್ರಿ 00:00 ಗಂಟೆ ಎಂದರೆ ಯುಟಿಸಿಯಲ್ಲಿ ಆಗಸ್ಟ್ 14ರ 18:30. ಫಾರ್ಮ್‌ನಲ್ಲಿ ಜನ್ಮದಿನಾಂಕವನ್ನು ತುಂಬಿದಾಗ ಬ್ರೌಸರ್ ಅದನ್ನು ಸ್ಥಳೀಯ ಮಧ್ಯರಾತ್ರಿ ಎಂದು ಹಿಡಿದು, ಯುಟಿಸಿಗೆ ಬದಲಾಯಿಸಿ, ದಿನಾಂಕದ ಭಾಗವನ್ನಷ್ಟೇ ಕತ್ತರಿಸಿ ಕಳುಹಿಸಿದರೆ ಡೇಟಾಬೇಸ್‌ನಲ್ಲಿ ಒಂದು ದಿನ ಹಿಂದಿನ ದಿನಾಂಕ ಕುಳಿತುಕೊಳ್ಳುತ್ತದೆ. ಜಾವಾಸ್ಕ್ರಿಪ್ಟ್‌ನಲ್ಲಿ ಗೊಂದಲ ಇನ್ನೂ ಒಂದು ಹೆಜ್ಜೆ ಮುಂದಿದೆ: ‘2025-08-15’ ಎಂದು ದಿನಾಂಕ ಮಾತ್ರ ಬರೆದರೆ ಅದನ್ನು ಯುಟಿಸಿ ಮಧ್ಯರಾತ್ರಿ ಎಂದು ಓದಲಾಗುತ್ತದೆ, ಅದರೊಂದಿಗೆ ಗಂಟೆಯನ್ನೂ ಸೇರಿಸಿ ಆಫ್‌ಸೆಟ್ ಬಿಟ್ಟು ಬರೆದರೆ ಸ್ಥಳೀಯ ಸಮಯ ಎಂದು ಓದಲಾಗುತ್ತದೆ. ಜನ್ಮದಿನ, ಸರ್ಕಾರಿ ರಜೆ, ಹಬ್ಬದ ತಿಥಿ ಇವಕ್ಕೆ ಕಾಲವಲಯವೇ ಇಲ್ಲ. ಇವುಗಳನ್ನು ಗಂಟೆಯಿಲ್ಲದ ಬರಿಯ ದಿನಾಂಕದ ರೂಪದಲ್ಲಿಯೇ ಇಡಬೇಕು, ಪರಿವರ್ತನೆಯ ಹತ್ತಿರವೂ ತರಬಾರದು. ಇಂಥದೇ ಇನ್ನೊಂದು ಗುರುತು, ಪರದೆಯ ಮೇಲೆ ಕಾರಣವಿಲ್ಲದೆ ಕಾಣಿಸಿಕೊಳ್ಳುವ ‘1970 ಜನವರಿ 1, ಬೆಳಿಗ್ಗೆ 5:30’. ಕಂಪ್ಯೂಟರ್‌ಗಳು ಕ್ಷಣಗಳನ್ನು 1970ರ ಜನವರಿ 1ರ ಯುಟಿಸಿ ಮಧ್ಯರಾತ್ರಿಯಿಂದ ಎಣಿಸುವುದರಿಂದ, ಸಮಯ ಇರಬೇಕಾದಲ್ಲಿ ಸೊನ್ನೆ ಬಂದಿದೆ ಎಂಬುದಕ್ಕೆ ಅದು ಖಚಿತ ಸೂಚನೆ.

ಒಂದು ದಿನ ಎಲ್ಲಿಂದ ಆರಂಭವಾಗುತ್ತದೆ ಎಂಬ ಪ್ರಶ್ನೆಯೂ ಇಷ್ಟೇ ಮುಖ್ಯ. ಮಳೆಯ ಲೆಕ್ಕವನ್ನು ತೆಗೆದುಕೊಳ್ಳೋಣ. ಭಾರತೀಯ ಹವಾಮಾನ ಇಲಾಖೆಯ ಮಳೆಯ ದಿನ ಬೆಳಿಗ್ಗೆ 8:30ಕ್ಕೆ ಮುಗಿಯುತ್ತದೆ. ಹಿಂದಿನ ದಿನ 8:30ರಿಂದ ಆವರೆಗೆ ಬಿದ್ದ ಮಳೆ ಆ ದಿನದ ಹೆಸರಿಗೆ ದಾಖಲಾಗುತ್ತದೆ. ಈ 8:30 ಎಂಬುದು ಎಲ್ಲಿಂದಲೋ ಬಂದದ್ದಲ್ಲ, ಅದು 03:00 ಯುಟಿಸಿ. ಜಗತ್ತಿನ ಹವಾಮಾನ ಕೇಂದ್ರಗಳು ಒಟ್ಟಿಗೆ ಅಳತೆ ತೆಗೆಯುವ ನಿಗದಿತ ಗಂಟೆಗಳಲ್ಲೊಂದು. ಜುಲೈ ತಿಂಗಳ 15ರ ರಾತ್ರಿ ಮಲಗಿದ ಮೇಲೆ, ಅಂದರೆ 16ರ ನಸುಕಿನ 2 ಗಂಟೆಯಿಂದ 7 ಗಂಟೆಯವರೆಗೆ ಶಿರಸಿಯಲ್ಲಿ ಮಳೆ ಹೊಯ್ದರೆ, ಇಲಾಖೆಯ ಲೆಕ್ಕದಲ್ಲಿ ಅದು 16ನೆಯ ತಾರೀಕಿನದು. ಗಂಟೆಗಂಟೆಯ ಮಾಹಿತಿಯನ್ನು ಯುಟಿಸಿ ದಿನಾಂಕದ ಪ್ರಕಾರ ಕೂಡಿಸುವ ಪ್ರೋಗ್ರಾಮ್‌ಗೆ ದಿನ ಆರಂಭವಾಗುವುದು ನಮ್ಮ ಬೆಳಗಿನ 5:30ಕ್ಕೆ. ಅದು 2ರಿಂದ 5:30ರವರೆಗಿನ ಮಳೆಯನ್ನು 15ಕ್ಕೆ ಹಾಕಿ, ಉಳಿದದ್ದನ್ನು 16ಕ್ಕೆ ಹಾಕಿ, ಒಂದೇ ಸುರಿತವನ್ನು ಎರಡು ಸಾಧಾರಣ ಮಳೆಗಳನ್ನಾಗಿ ತೋರಿಸುತ್ತದೆ. ನಮ್ಮ ಕ್ಯಾಲೆಂಡರ್ ದಿನದ ಪ್ರಕಾರವೇ ಬೇಕು ಎಂದರೆ ಮತ್ತೊಂದು ಅಡ್ಡಿ ಎದುರಾಗುತ್ತದೆ: ನಮ್ಮ ಮಧ್ಯರಾತ್ರಿ 18:30 ಯುಟಿಸಿಗೆ, ಅಂದರೆ ಯುಟಿಸಿ ಗಂಟೆಯೊಂದರ ನಟ್ಟನಡುವೆ ಬರುತ್ತದೆ. ಮಾಹಿತಿ ಗಂಟೆಗೊಂದು ಮೊತ್ತವಾಗಿ ಬಂದಿದ್ದರೆ ಆ ಗಂಟೆಯನ್ನು ಎರಡಾಗಿ ಒಡೆಯಲು ದಾರಿಯೇ ಇಲ್ಲ. ಆಫ್‌ಸೆಟ್ ಎಂದರೆ ಪೂರ್ಣ ಗಂಟೆ ಎಂದು ನಂಬಿ ಬರೆದ ಸಾಫ್ಟ್‌ವೇರ್ ನಮ್ಮಲ್ಲಿ, ಹಾಗೂ +05:45 ಇರುವ ನೇಪಾಳದಲ್ಲಿ, ಸೋಲುವುದು ಇಲ್ಲಿಯೇ.

ಗಡಿಯಾರ ಸರಿಸುವ ದೇಶಗಳಲ್ಲಿ ನಮಗೆ ಅನುಭವಕ್ಕೇ ಬಾರದ ಇನ್ನೆರಡು ಸ್ಥಿತಿಗಳಿವೆ. 2025ರ ಮಾರ್ಚ್ 9ರಂದು ನ್ಯೂಯಾರ್ಕ್‌ನಲ್ಲಿ ನಸುಕಿನ 2:30 ಎಂಬ ಸಮಯವೇ ಇರಲಿಲ್ಲ. 1:59ರ ನಂತರ ಬಂದದ್ದು 3:00. ಅದೇ ವರ್ಷ ನವೆಂಬರ್ 2ರಂದು 1:30 ಎರಡು ಸಲ ಬಂದಿತು, ಮೊದಲು -04:00ರಲ್ಲಿ, ಒಂದು ಗಂಟೆಯ ನಂತರ -05:00ರಲ್ಲಿ. ಯುಟಿಸಿಯಿಂದ ಸ್ಥಳೀಯ ಸಮಯಕ್ಕೆ ಬರುವಾಗ ಉತ್ತರ ಯಾವತ್ತೂ ಒಂದೇ, ಆದರೆ ಸ್ಥಳೀಯ ಸಮಯದಿಂದ ಯುಟಿಸಿಗೆ ಹೋಗುವಾಗ ಉತ್ತರ ಒಂದಿರಬಹುದು, ಎರಡಿರಬಹುದು, ಇಲ್ಲದೆಯೂ ಇರಬಹುದು. ಪೈಥಾನ್ ಭಾಷೆಯಲ್ಲಿ ಎರಡರಲ್ಲಿ ಯಾವುದು ಎಂದು ಹೇಳಲು ‘ಫೋಲ್ಡ್’ ಎಂಬ ಗುರುತನ್ನು 3.6ನೆಯ ಆವೃತ್ತಿಯಿಂದ ಇಟ್ಟಿದ್ದಾರೆ. ಜಾವಾದ ಸಮಯ ಲೈಬ್ರರಿಯಲ್ಲಿಯೂ ಇದಕ್ಕೆ ವ್ಯವಸ್ಥೆ ಇದೆ. ಲೈಬ್ರರಿ ತಾನಾಗಿ ಯಾವುದನ್ನೋ ಆರಿಸಿಕೊಳ್ಳುತ್ತದೆ ಎಂಬುದು ನಿಜ, ಆದರೆ ಔಷಧಿಯ ಹೊತ್ತು ಅಥವಾ ಪಾಳಿಯ ಸಂಬಳದಂಥ ವಿಷಯದಲ್ಲಿ ಆ ಆಯ್ಕೆಯನ್ನು ಪ್ರೋಗ್ರಾಮ್ ಬರೆಯುವವರೇ ಮಾಡಬೇಕು.

ಲೈಬ್ರರಿ ಬಳಸಿದರೂ ಅದರ ರೀತಿ ತಿಳಿದಿರಬೇಕು. ಪೈಥಾನ್‌ನಲ್ಲಿ ಬಹುಕಾಲ ಬಳಕೆಯಲ್ಲಿದ್ದ ಪಿವೈಟಿಝಡ್ ಎಂಬ ಲೈಬ್ರರಿಯ ಏಷ್ಯಾ/ಕೋಲ್ಕತಾ ವಲಯವನ್ನು ಸಮಯಕ್ಕೆ ನೇರವಾಗಿ ಅಂಟಿಸಿದರೆ ಬರುವ ಆಫ್‌ಸೆಟ್ +05:53. ಅದು ಪ್ರಮಾಣಿತ ಸಮಯ ಹುಟ್ಟುವುದಕ್ಕೆ ಮೊದಲಿನ ಕಲ್ಕತ್ತಾದ ಸ್ಥಳೀಯ ಸೌರ ಸಮಯ, ಆ ವಲಯದ ಪಟ್ಟಿಯ ಮೊದಲ ಸಾಲು. ಬೆಳಿಗ್ಗೆ 9:00 ಎಂದು ಬರೆದದ್ದು ಯುಟಿಸಿಗೆ ಹೋಗಿ ಮರಳಿ ಬಂದಾಗ 8:37 ಆಗಿರುತ್ತದೆ. ಆ ಲೈಬ್ರರಿಯಲ್ಲಿ ‘ಲೋಕಲೈಸ್’ ಎಂಬ ವಿಧಾನದ ಮೂಲಕವೇ ವಲಯವನ್ನು ಸೇರಿಸಬೇಕು. ಹೊಸದಾಗಿ ಬರೆಯುವವರು ಪೈಥಾನ್ 3.9ರಿಂದ ಭಾಷೆಯೊಳಗೇ ಇರುವ ಝೋನ್‌ಇನ್ಫೋವನ್ನು ಬಳಸುವುದು ಮೇಲು. ಎಲ್ಲಿಯಾದರೂ ವಿವರಿಸಲಾಗದ 23 ನಿಮಿಷದ ವ್ಯತ್ಯಾಸ ಕಂಡರೆ ಮೊದಲು ಹುಡುಕಬೇಕಾದದ್ದು ಇದನ್ನೇ.

ಇನ್ನು ಸಂಗ್ರಹಿಸಿಡುವ ಪ್ರಶ್ನೆ. ‘ಎಲ್ಲವನ್ನೂ ಯುಟಿಸಿಯಲ್ಲಿ ಇಡಿ’ ಎಂಬ ಸಲಹೆ ಎಲ್ಲೆಡೆ ಕೇಳಿಬರುತ್ತದೆ, ಮತ್ತು ಆಗಿಹೋದ ಘಟನೆಗಳಿಗೆ ಅದು ಸರಿಯಾದ ಸಲಹೆ. ಹಣ ಪಾವತಿಯಾದ ಕ್ಷಣ, ಸಂದೇಶ ತಲುಪಿದ ಕ್ಷಣ, ಸೆನ್ಸರ್ ಅಳತೆ ತೆಗೆದ ಕ್ಷಣ ಇವು ಬದಲಾಗುವಂಥವಲ್ಲ. ಮುಂದೆ ನಡೆಯಬೇಕಾದದ್ದಕ್ಕೆ ಮಾತ್ರ ಅದೇ ಸಲಹೆ ಹಾನಿ ಮಾಡುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ‘ಕೈರೋದಲ್ಲಿ ಜೂನ್‌ನಲ್ಲಿ ಬೆಳಿಗ್ಗೆ 10 ಗಂಟೆಗೆ’ ಎಂದು ಒಪ್ಪಿಕೊಂಡವರು ಒಪ್ಪಿದ್ದು ಆ ಊರಿನ ಗೋಡೆ ಗಡಿಯಾರದ 10 ಗಂಟೆಗೆ. ಯುಟಿಸಿಯ ಒಂದು ಸಂಖ್ಯೆಗಲ್ಲ. ಈಜಿಪ್ಟ್ ಬೇಸಿಗೆ ಸಮಯವನ್ನು ಕೆಲವು ವರ್ಷ ನಿಲ್ಲಿಸಿ 2023ರ ಏಪ್ರಿಲ್‌ನಲ್ಲಿ ಮತ್ತೆ ಆರಂಭಿಸಿತು. ಆ ತೀರ್ಮಾನಕ್ಕೆ ಮೊದಲೇ ಯುಟಿಸಿಯಾಗಿ ಬರೆದಿಟ್ಟ ಜೂನ್ ತಿಂಗಳ ಸಭೆಗಳೆಲ್ಲ ಒಂದು ಗಂಟೆ ತಪ್ಪಿರುತ್ತವೆ. ಆದ್ದರಿಂದ ಭವಿಷ್ಯದ ಸಮಯಕ್ಕೆ ಸ್ಥಳೀಯ ಗಂಟೆಯನ್ನೂ ವಲಯದ ಪೂರ್ಣ ಹೆಸರನ್ನೂ ಮೂಲ ದಾಖಲೆಯಾಗಿ ಇಟ್ಟು, ಯುಟಿಸಿಯನ್ನು ಅವುಗಳಿಂದ ಲೆಕ್ಕಹಾಕಿದ ಪ್ರತಿಯೆಂದು ಮಾತ್ರ ಇಡಬೇಕು. ಪೋಸ್ಟ್‌ಗ್ರೆಸ್ ಡೇಟಾಬೇಸ್‌ನಲ್ಲಿ ಕಾಲವಲಯ ಸಹಿತ ಎಂಬ ಹೆಸರಿನ ಕಾಲಮ್ ಇದ್ದರೂ ಅದು ಕ್ಷಣವನ್ನು ಯುಟಿಸಿಗೆ ಬದಲಾಯಿಸಿ ಇಟ್ಟುಕೊಳ್ಳುತ್ತದೆಯೇ ಹೊರತು ವಲಯದ ಹೆಸರನ್ನು ಉಳಿಸುವುದಿಲ್ಲ; ಅದಕ್ಕೆ ಪ್ರತ್ಯೇಕ ಕಾಲಮ್ ಬೇಕು.

ಹೀಗೆ ಇಟ್ಟರೂ ಸರ್ವರ್‌ನಲ್ಲಿರುವ ಕಾಲವಲಯ ಡೇಟಾಬೇಸ್ ಹಳೆಯದಾಗಿದ್ದರೆ ಲೆಕ್ಕ ತಪ್ಪುತ್ತದೆ. ಲೆಬನಾನ್‌ನಲ್ಲಿ 2023ರ ಮಾರ್ಚ್‌ನಲ್ಲಿ ಬೇಸಿಗೆ ಸಮಯದ ಆರಂಭವನ್ನು ಕೆಲವೇ ದಿನ ಮುಂಚಿತವಾಗಿ ಮುಂದೂಡಲಾಯಿತು. ಅದನ್ನು ಒಪ್ಪದವರು ಗಡಿಯಾರ ಸರಿಸಿದರು, ಒಪ್ಪಿದವರು ಸರಿಸಲಿಲ್ಲ, ಕೊನೆಗೆ ಸರ್ಕಾರ ತೀರ್ಮಾನವನ್ನೇ ಹಿಂತೆಗೆದುಕೊಂಡಿತು. ಅಂಥ ವಾರದಲ್ಲಿ ಸಾಫ್ಟ್‌ವೇರ್ ಸಂಪೂರ್ಣ ಸರಿಯಾಗಿರಲು ಸಾಧ್ಯವಿಲ್ಲ, ಆದರೆ ವಲಯದ ಹೆಸರು ಕೈಯಲ್ಲಿದ್ದವರು ಹೊಸ ನಿಯಮ ಬಂದ ಕೂಡಲೇ ಮುಂದಿನ ಸಭೆಗಳ ಯುಟಿಸಿಯನ್ನು ಮತ್ತೆ ಲೆಕ್ಕಹಾಕಬಹುದು. +02:00 ಎಂದು ಮಾತ್ರ ಬರೆದಿಟ್ಟವರಿಗೆ ಯಾವ ಸಭೆ ಬೈರೂತ್‌ನದು, ಯಾವುದು ಕೈರೋದ್ದು ಎಂದು ಬೇರ್ಪಡಿಸಲು ಏನೂ ಉಳಿದಿರುವುದಿಲ್ಲ. ಈ ಮರುಲೆಕ್ಕವನ್ನು ಡೇಟಾಬೇಸ್ ನವೀಕರಣದ ಜೊತೆಗೇ ಓಡುವ ಕೆಲಸವಾಗಿ ಬರೆದಿಡಬೇಕು. ಕೋಡ್ ಪರೀಕ್ಷಿಸುವಾಗ ಸರ್ವರ್‌ನ ವಲಯವನ್ನು ಒಮ್ಮೆ ಕಠ್ಮಂಡುವಿಗೆ, ಒಮ್ಮೆ ನ್ಯೂಯಾರ್ಕ್‌ಗೆ ಬದಲಾಯಿಸಿ, ಮಾರ್ಚ್ ಮತ್ತು ನವೆಂಬರ್‌ನ ಆ ಎರಡು ಭಾನುವಾರಗಳ ದಿನಾಂಕ ಕೊಟ್ಟು ಓಡಿಸಿದರೆ, ಏಷ್ಯಾ/ಕೋಲ್ಕತಾದಲ್ಲಿ ವರ್ಷಗಟ್ಟಲೆ ಕಾಣಿಸದೆ ಉಳಿಯುವ ದೋಷಗಳಲ್ಲಿ ಹೆಚ್ಚಿನವು ಅಂದೇ ಹೊರಬರುತ್ತವೆ.